ನೀರು ಹಾಕಿದರೂ ಫಿಟೋನಿಯಾ ಬಾಡುವುದೇಕೆ?

ಪ್ರಶ್ನೆ: ಎರಡು ತಿಂಗಳ ಹಿಂದೆ ಸಹೋದ್ಯೋಗಿಯೊಬ್ಬರು ಫಿಟೋನಿಯಾ ಗಿಡವೊಂದನ್ನು ಉಡುಗೊರೆಯಾಗಿ ಕೊಟ್ಟರು. ಅಂಗೈಯಗಲದ ಪುಟ್ಟ ಗಿಡ, ಕಡುಹಸಿರು ಎಲೆಯ ತುಂಬ ಗುಲಾಬಿ ಬಣ್ಣದ ನರಗಳ ಬಲೆ. ಆಫೀಸಿನ ಮೇಜಿನ ಮೇಲಿಟ್ಟುಕೊಂಡೆ. ಮೊದಲ ವಾರದ ರಜೆ ಮುಗಿಸಿ ಸೋಮವಾರ ಬಂದು ನೋಡಿದರೆ ಇಡೀ ಗಿಡ ಕುಂಡದ ಅಂಚಿಗೆ ಜೋತುಬಿದ್ದಿತ್ತು. ನೀರು ಹಾಕಿದೆ, ಮಧ್ಯಾಹ್ನದ ಹೊತ್ತಿಗೆ ಎದ್ದು ಕೂತಿತು. ಅಂದಿನಿಂದ ದಿನಾ ಬೆಳಿಗ್ಗೆ ತಪ್ಪದೆ ನೀರು ಹಾಕುತ್ತಿದ್ದೇನೆ. ತೇವ ಬೇಕೆಂದು ದಿನಕ್ಕೆ ನಾಲ್ಕು ಸಲ ಎಲೆಗೆ ಸ್ಪ್ರೇ ಮಾಡುತ್ತೇನೆ. ಮೂರು ವಾರದ ಹಿಂದೆ ಚೆಂದದ ದೊಡ್ಡ ಸೆರಾಮಿಕ್ ಕುಂಡಕ್ಕೆ ಬದಲಿಸಿದೆ. ಅದಕ್ಕೆ ತೂತಿಲ್ಲ, ಹಾಗಾಗಿ ತಳಕ್ಕೆ ಎರಡು ಇಂಚು ಬೆಣಚುಕಲ್ಲು ಹಾಕಿದ್ದೇನೆ. ಈಗ ನೀರು ಹಾಕಿದರೂ ಗಿಡ ಏಳುತ್ತಿಲ್ಲ. ಕೆಳಗಿನ ಎಲೆಗಳು ಹಳದಿಯಾಗಿ ಉದುರುತ್ತಿವೆ, ಒಂದೆರಡು ಕಾಂಡ ಬುಡದಲ್ಲಿ ಕಪ್ಪಾಗಿ ಮೆತ್ತಗಾಗಿವೆ, ಮಣ್ಣಿನ ಮೇಲೆ ಸಣ್ಣ ಗುಂಗುರುಗಳು ಹಾರಾಡುತ್ತವೆ. ಹೊಸ ಎಲೆಯಲ್ಲಿ ಗುಲಾಬಿ ಬಣ್ಣ ಮಾಸಿದೆ ಎಂದು ಎರಡು ದಿನ ಬಿಸಿಲಿಗಿಟ್ಟೆ, ಎಲೆ ಸುಟ್ಟು ಕಾಗದದಂತಾಯಿತು. ಎಸಿ ಗಾಳಿಯ ತೊಂದರೆಯೇ? ಗೊಬ್ಬರ ಸಾಲದೆ? ಮನೆಗೆ ಒಯ್ದು ಮಲಗುವ ಕೋಣೆಯಲ್ಲಿಡಬಹುದೆ, ರಾತ್ರಿ ಗಿಡ ಕೆಟ್ಟ ಗಾಳಿ ಬಿಡುತ್ತದೆ ಎನ್ನುತ್ತಾರಲ್ಲ? ಮನೆಯಲ್ಲಿ ಬೆಕ್ಕೂ ಇದೆ. ಗಿಡ ಉಳಿಯುತ್ತದೆಯೆ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರಶ್ನೆಗಳು ಆರೇಳಿದ್ದರೂ ಒಳಗಿನ ಕೊರಗು ಒಂದೇ ಅನ್ನಿಸಿತು: ಇಷ್ಟೆಲ್ಲ ಆರೈಕೆ ಮಾಡಿಯೂ ಗಿಡ ಸಾಯುತ್ತಿದೆಯಲ್ಲ, ನನ್ನ ಕೈಗುಣವೇ ಸರಿಯಿಲ್ಲವೇನೋ ಎಂದು. ಕೈಗುಣದ ಮಾತು ಬಿಡಿ. ನನ್ನ ಬಳಿ ಬರುವ ಸಾಯುವ ಸ್ಥಿತಿಯ ಫಿಟೋನಿಯಾಗಳಲ್ಲಿ ಹೆಚ್ಚಿನವು ಮರೆತುಬಿಟ್ಟವರ ಗಿಡಗಳಲ್ಲ, ನಿಮ್ಮಂತೆ ದಿನಾ ನೋಡಿಕೊಂಡವರ ಗಿಡಗಳು.

ಮೊದಲ ಸೋಮವಾರ ಗಿಡ ಬಿದ್ದದ್ದೇ ಬೇರೆ, ಈಗ ಬೀಳುತ್ತಿರುವುದೇ ಬೇರೆ. ಅಂದು ಅದಕ್ಕೆ ನಿಜವಾಗಿ ಬಾಯಾರಿತ್ತು. ಈಗ, ನೀವು ಬರೆದಿರುವ ಲಕ್ಷಣಗಳನ್ನೆಲ್ಲ ಕೂಡಿಸಿ ನೋಡಿದರೆ, ಬೇರು ಕೊಳೆಯುತ್ತಿದೆ. ನೋಟಕ್ಕೆ ಎರಡೂ ಒಂದೇ ಥರ ಇರುವುದರಿಂದ ಜನ ಮೋಸಹೋಗುತ್ತಾರೆ. ಒಮ್ಮೆ ನೀರು ಹಾಕಿದಾಗ ಗಿಡ ಎದ್ದು ನಿಂತದ್ದನ್ನು ಕಂಡವರಿಗೆ ‘ಬಾಡಿದರೆ ನೀರು’ ಎಂಬ ಪಾಠ ಮನಸ್ಸಿನಲ್ಲಿ ಕೂತುಬಿಡುತ್ತದೆ. ಆಮೇಲೆ ಕೊಳೆತು ಬಾಡಿದಾಗಲೂ ನೀರನ್ನೇ ಹಾಕುತ್ತಾರೆ.

ಗಿಡದ ಊರು ತಿಳಿದರೆ ಅರ್ಧ ಸಮಸ್ಯೆ ಅರ್ಥವಾಗುತ್ತದೆ. ಫಿಟೋನಿಯಾ ಆಲ್ಬಿವೆನಿಸ್ ದಕ್ಷಿಣ ಅಮೆರಿಕದ್ದು. ಕೊಲಂಬಿಯಾ, ಈಕ್ವೆಡಾರ್, ಪೆರು, ಬೊಲಿವಿಯಾ, ಬ್ರೆಜಿಲ್‌ನ ಉತ್ತರ ಭಾಗ, ಇಲ್ಲಿನ ಮಳೆಕಾಡುಗಳಲ್ಲಿ ದೊಡ್ಡ ಮರಗಳ ಕೆಳಗೆ ನೆಲಕ್ಕಂಟಿ ಹಬ್ಬುತ್ತದೆ. ಎತ್ತರ ಸಾಮಾನ್ಯವಾಗಿ 15 ಸೆಂಟಿಮೀಟರ್ ದಾಟುವುದಿಲ್ಲ. ಸಸ್ಯಶಾಸ್ತ್ರದ ಪುಸ್ತಕ ಬರೆದ ಎಲಿಜಬೆತ್ ಮತ್ತು ಸಾರಾ ಮೇರಿ ಫಿಟನ್ ಎಂಬ ಅಕ್ಕತಂಗಿಯರ ಹೆಸರು ಇದಕ್ಕೆ ಬಂದಿದೆ. ಕುಟುಂಬ ನೋಡಿದರೆ ನಮಗೆ ಗೊತ್ತಿರುವ ಕನಕಾಂಬರ, ಆಡುಸೋಗೆಗಳದ್ದೇ. ಆದರೆ ಆಡುಸೋಗೆಯ ಗಟ್ಟಿತನ ಇದಕ್ಕಿಲ್ಲ. ಕಾಂಡದಲ್ಲಿ ಕಟ್ಟಿಗೆಯ ಅಂಶ ಕಡಿಮೆ, ಎಲೆ ತೆಳು, ನೀರು ಕೂಡಿಟ್ಟುಕೊಳ್ಳುವ ಗೆಡ್ಡೆಯಿಲ್ಲ. ಗಿಡವನ್ನು ಎತ್ತಿ ನಿಲ್ಲಿಸಿರುವುದು ಜೀವಕೋಶಗಳೊಳಗೆ ತುಂಬಿದ ನೀರಿನ ಒತ್ತಡ ಮಾತ್ರ. ಗಾಳಿ ತುಂಬಿದ ಸೈಕಲ್ ಟ್ಯೂಬನ್ನು ನೆನೆಸಿಕೊಳ್ಳಿ. ಒತ್ತಡ ಸ್ವಲ್ಪ ಇಳಿದರೂ ಇಡೀ ಗಿಡ ಮಲಗಿಬಿಡುತ್ತದೆ. ಆದ್ದರಿಂದ ಬಾಡಿದ ಗಿಡ ಹೇಳುವುದು ಇಷ್ಟೇ: ಎಲೆಗೆ ನೀರು ತಲುಪುತ್ತಿಲ್ಲ. ಯಾಕೆ ತಲುಪುತ್ತಿಲ್ಲ ಎನ್ನುವುದನ್ನು ನಾವೇ ಹುಡುಕಬೇಕು.

ಕಾರಣ ಮೂರು ಇರಬಹುದು. ಮಣ್ಣಿನಲ್ಲಿ ನೀರೇ ಇಲ್ಲದಿರಬಹುದು. ನೀರಿದ್ದೂ ಅದನ್ನು ಎಳೆದುಕೊಳ್ಳುವ ಬೇರು ಸತ್ತಿರಬಹುದು. ಅಥವಾ ಬೇರು ಚೆನ್ನಾಗಿಯೇ ಇದ್ದು, ಬಿಸಿಲಿಗೋ ಎಸಿ ಗಾಳಿಗೋ ಎಲೆ ಕಳೆದುಕೊಳ್ಳುವ ನೀರಿಗೆ ಬೇರಿನ ಪೂರೈಕೆ ಸಾಲದಿರಬಹುದು. ಪತ್ತೆಗೆ ಯಾವ ಮೀಟರೂ ಬೇಡ, ಕುಂಡವನ್ನು ಎತ್ತಿ ನೋಡಿ. ಹಗುರವಾಗಿದ್ದು, ಬೆರಳಿಗೆ ಮಣ್ಣು ಒಣಗಿದ್ದು, ಕಾಂಡ ಬಾಗಿದ್ದರೂ ಹಸಿರಾಗಿದ್ದರೆ ಬಾಯಾರಿಕೆ. ನೀರು ಕೊಟ್ಟ ಕೆಲವೇ ಗಂಟೆಗಳಲ್ಲಿ ಏಳುತ್ತದೆ. ಕುಂಡ ಭಾರವಾಗಿದ್ದು ಗಿಡ ಮಾತ್ರ ಮಲಗಿದ್ದರೆ ಅನುಮಾನ ಬೇರಿನ ಮೇಲೆ. ಕಾಂಡದ ಬುಡ ಕಪ್ಪಾಗಿ ಮೆತ್ತಗಿದ್ದರೆ ಅನುಮಾನವೂ ಬೇಡ. ಇನ್ನು ಮಣ್ಣು ಹದವಾಗಿದ್ದು, ನಡುಹಗಲಲ್ಲಷ್ಟೇ ಸೊರಗಿ ಸಂಜೆಗೆ ತಾನಾಗಿ ಏಳುತ್ತಿದ್ದರೆ ಜಾಗ ಬದಲಿಸಿ ಸಾಕು, ನೀರು ಮುಟ್ಟಬೇಡಿ. ನಿಮ್ಮ ಗಿಡ ಎರಡನೆಯ ಗುಂಪಿನದು.

ಈಗ ಆ ಚೆಂದದ ಕುಂಡದ ವಿಷಯ. ತಳದ ಬೆಣಚುಕಲ್ಲು ನೀರನ್ನು ಬಸಿಯುತ್ತದೆ ಎಂಬ ನಂಬಿಕೆ ಎಷ್ಟು ಹಳೆಯದೆಂದರೆ, ನಾನು ಕೆಲಸ ಕಲಿತದ್ದೂ ಹಾಗೆಯೇ. ನಡೆಯುವುದು ತಿರುಗುಮುರುಗು. ಸಣ್ಣ ರಂಧ್ರಗಳ ಮಣ್ಣಿನಿಂದ ದೊಡ್ಡ ಸಂದುಗಳ ಕಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮಣ್ಣಿನ ಕೆಳಪದರ ಪೂರ್ತಿ ತುಂಬಿ ತುಳುಕುವವರೆಗೂ ನೀರು ಅಲ್ಲೇ ನಿಲ್ಲುತ್ತದೆ. ಪಾತ್ರೆ ಉಜ್ಜುವ ಸ್ಪಂಜನ್ನು ನೀರಿನಲ್ಲಿ ಅದ್ದಿ ಅಡ್ಡಲಾಗಿ ಹಿಡಿಯಿರಿ. ತೊಟ್ಟಿಕ್ಕಿ ನಿಂತ ಮೇಲೆ ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತೆ ಒಂದಷ್ಟು ನೀರು ಸುರಿಯುತ್ತದೆ. ಎತ್ತರ ಕಡಿಮೆಯಾದಷ್ಟೂ ಒದ್ದೆ ಹೆಚ್ಚು ಉಳಿಯುತ್ತದೆ ಎಂದಾಯಿತು. ನೀವು ಎರಡು ಇಂಚು ಕಲ್ಲು ತುಂಬಿ ಮಣ್ಣಿನ ಎತ್ತರವನ್ನು ಅಷ್ಟು ತಗ್ಗಿಸಿದಿರಿ, ಒದ್ದೆ ಪದರವನ್ನು ಬೇರಿನ ಹತ್ತಿರಕ್ಕೆ ಎತ್ತಿಕೊಟ್ಟಿರಿ. ತೂತು ಬೇರೆ ಇಲ್ಲ, ಹಾಕಿದ ನೀರೆಲ್ಲ ಒಳಗೇ. ಕುಂಡ ದೊಡ್ಡದಾದದ್ದು ಮೂರನೆಯ ತಪ್ಪು. ಫಿಟೋನಿಯಾದ ಬೇರು ನಾರಿನಂತೆ ಸಣ್ಣದು, ಮೇಲ್ಮಣ್ಣಿನಲ್ಲೇ ಹರಡುತ್ತದೆ. ಬೇರು ತಲುಪದ ಮಣ್ಣಿನ ನೀರನ್ನು ಕುಡಿಯುವವರು ಯಾರೂ ಇಲ್ಲ, ಅದು ವಾರಗಟ್ಟಲೆ ಹಾಗೇ ಕೂರುತ್ತದೆ.

ಬೇರು ನೀರಿನಿಂದ ಸಾಯುವುದಿಲ್ಲ, ಉಸಿರುಕಟ್ಟಿ ಸಾಯುತ್ತದೆ. ಕತ್ತರಿಸಿದ ಫಿಟೋನಿಯಾ ಕಡ್ಡಿ ಲೋಟದ ನೀರಿನಲ್ಲಿ ತಿಂಗಳುಗಟ್ಟಲೆ ಬದುಕುತ್ತದೆ, ಅದನ್ನು ಮುಂದೆ ಹೇಳುತ್ತೇನೆ. ಮಣ್ಣಿನ ಕಣಗಳ ನಡುವಿನ ಗಾಳಿಯ ಜಾಗವೆಲ್ಲ ದಿನಗಟ್ಟಲೆ ನೀರಿನಿಂದ ಮುಚ್ಚಿದಾಗ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಸೊರಗಿದ ಬೇರಿಗೆ ಪಿಥಿಯಂನಂಥ ರೋಗಾಣು ಅಂಟುತ್ತದೆ. ಅದಕ್ಕೆ ಒದ್ದೆ ಮಣ್ಣೆಂದರೆ ಹಬ್ಬ. ಬೇರು ಕಂದಾಗಿ, ಸಿಪ್ಪೆ ಸುಲಿದು, ಒಳಗಿನ ದಾರದಂಥ ಎಳೆ ಮಾತ್ರ ಉಳಿಯುತ್ತದೆ. ಎಲೆಗೆ ನೀರಿಲ್ಲ, ಗಿಡ ಬಾಡುತ್ತದೆ, ನಾವು ಮತ್ತೆ ಮಗ್ ಎತ್ತುತ್ತೇವೆ. ನೀವು ಕಂಡ ಗುಂಗುರುಗಳೂ ಇದೇ ಕಥೆ ಹೇಳುತ್ತವೆ. ಅವು ಮೊಟ್ಟೆಯಿಡುವುದು ಸದಾ ಒದ್ದೆಯಾಗಿರುವ ಮೇಲ್ಮಣ್ಣಿನಲ್ಲಿ. ಮರಿಹುಳುಗಳ ಮುಖ್ಯ ಆಹಾರ ಮಣ್ಣಿನ ಬೂಷ್ಟು, ಜೊತೆಗೆ ಎಳೆ ಬೇರನ್ನೂ ಕೆರೆಯುತ್ತವೆ. ಮೇಲ್ಮಣ್ಣು ಆರಗೊಟ್ಟರೆ ಅವುಗಳ ಸಂತಾನ ನಿಲ್ಲುತ್ತದೆ. ಹಾರಾಡುವವುಗಳಿಗೆ ಹಳದಿ ಅಂಟುಪಟ್ಟಿ ಸಾಕು.

ಗಿಡ ಉಳಿಯುತ್ತದೆಯೆ ಎಂಬುದಕ್ಕೆ ನನ್ನ ನೇರ ಉತ್ತರ: ಈ ಬೇರಿನ ಮೇಲೆ ನಿಂತ ಗಿಡ ಉಳಿಯುವುದು ಕಷ್ಟ, ಅದರ ಕುಡಿಗಳು ಉಳಿಯುತ್ತವೆ. ನಿಮ್ಮ ಮುಂದಿರುವ ದಾರಿಗಳನ್ನು ಹೇಳುತ್ತೇನೆ.

ನೀರು ನಿಲ್ಲಿಸಿ, ಇದ್ದ ಕುಂಡದಲ್ಲೇ ಒಣಗಲು ಬಿಟ್ಟು ಕಾಯುವುದು ಎಲ್ಲಕ್ಕಿಂತ ಸುಲಭ. ಬೇರಿನ ಮುಕ್ಕಾಲು ಭಾಗ ಗಟ್ಟಿಯಿದ್ದಾಗ ಇದು ಫಲಿಸುತ್ತದೆ. ಆದರೆ ಬುಡ ಕಪ್ಪಾದ ಮೇಲೆ, ಅದೂ ತೂತಿಲ್ಲದ ಕುಂಡದಲ್ಲಿ, ಕಾಯುವುದೆಂದರೆ ಕೊಳೆಗೆ ಸಮಯ ಕೊಟ್ಟಂತೆ. ನಿಮಗೆ ಇದನ್ನು ಹೇಳಲಾರೆ.

ಗಿಡವನ್ನು ಕಿತ್ತು, ಬೇರು ತೊಳೆದು, ಕಂದು ಮೆತ್ತನೆ ಭಾಗವನ್ನೆಲ್ಲ ಶುಚಿಯಾದ ಕತ್ತರಿಯಿಂದ ತೆಗೆದು, ಚಿಕ್ಕ ಕುಂಡದಲ್ಲಿ ಹೊಸ ಮಣ್ಣಿಗೆ ನೆಡುವುದು ಇನ್ನೊಂದು ದಾರಿ. ಬೇರು ಕಡಿಮೆಯಾದಷ್ಟು ಎಲೆಯನ್ನೂ ಕಡಿಮೆ ಮಾಡಬೇಕು, ಇಲ್ಲವಾದರೆ ಉಳಿದ ನಾಲ್ಕು ಬೇರಿಗೆ ಹೊರಲಾರದ ಹೊರೆ. ಬಿಳಿಯ ಗಟ್ಟಿ ಬೇರು ಒಂದು ಹಿಡಿಯಾದರೂ ಕಂಡರೆ ಪ್ರಯತ್ನಿಸಿ. ಕಿತ್ತ ಪೆಟ್ಟಿಗೇ ಗಿಡ ಹೋಗುವ ಅಪಾಯ ಇದ್ದೇ ಇದೆ.

ನಾನು ಮೊದಲು ಮಾಡುವುದು ಕಡ್ಡಿ ತೆಗೆಯುವ ಕೆಲಸ. ಉಳಿದದ್ದೆಲ್ಲ ಆಮೇಲೆ. ಫಿಟೋನಿಯಾದ ಪ್ರತಿ ಗೆಣ್ಣಿನಲ್ಲೂ ಬೇರೊಡೆಯುವ ಶಕ್ತಿಯಿದೆ, ಕಾಡಿನಲ್ಲಿ ಅದು ಹಬ್ಬುವುದೇ ಹಾಗೆ. ಇನ್ನೂ ಹಸಿರಾಗಿ ಗಟ್ಟಿಯಿರುವ ಕುಡಿಗಳನ್ನು ಎರಡು ಮೂರು ಗೆಣ್ಣು ಬರುವಂತೆ, ಬೆರಳುದ್ದಕ್ಕೆ ಕತ್ತರಿಸಿ. ಕತ್ತರಿಸಿದ ತುದಿಯ ನಡುವೆ ಕಂದು ಚುಕ್ಕೆ ಕಂಡರೆ ಕೊಳೆ ಅಲ್ಲಿಯವರೆಗೆ ಏರಿದೆ ಎಂದರ್ಥ. ಕತ್ತರಿ ಒರೆಸಿಕೊಂಡು ಇನ್ನೂ ಮೇಲಕ್ಕೆ ಕತ್ತರಿಸಿ, ಪೂರ್ತಿ ಹಸಿರು ಕಾಣುವವರೆಗೂ. ಕೆಳಗಿನ ಎಲೆ ತೆಗೆದು, ಒಂದು ಗೆಣ್ಣು ಮುಳುಗುವಂತೆ ನೀರಿನಲ್ಲಿಡಿ. ಎಲೆ ಮಾತ್ರ ನೀರಿಗೆ ತಾಗಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ನೀರು ಬದಲಿಸಿ. ಬೆಚ್ಚಗಿನ, ಬೆಳಕಿರುವ ಜಾಗದಲ್ಲಿ ಎರಡು ಮೂರು ವಾರಕ್ಕೆ ಬೇರು ಕಾಣುತ್ತದೆ. ಬೇರು ಎರಡು ಸೆಂಟಿಮೀಟರ್ ಆಗುತ್ತಲೇ ಮಣ್ಣಿಗಿಳಿಸಿ. ಬಾಟಲಿಯಲ್ಲಿ ಚೆಂದ ಕಾಣುತ್ತದೆಂದು ತಿಂಗಳುಗಟ್ಟಲೆ ಬಿಟ್ಟರೆ ಬೇರು ನೀರಿಗೆ ಒಗ್ಗಿಹೋಗಿ, ಮಣ್ಣಿಗೆ ಬಂದಾಗ ತಿಣುಕುತ್ತದೆ. ನೆಟ್ಟ ಮೇಲೆ ಒಂದೆರಡು ವಾರ ಪಾರದರ್ಶಕ ಡಬ್ಬಿಯನ್ನು ಬೋರಲು ಹಾಕಿ, ದಿನಕ್ಕೊಮ್ಮೆ ತೆಗೆದು ಗಾಳಿಯಾಡಿಸಿ. ಅಪಾಯವೆಂದರೆ ಬೂಷ್ಟು. ಅದಕ್ಕೇ ಒಂದೇ ಕಡ್ಡಿಯನ್ನು ನಂಬಬೇಡಿ, ಐದಾರು ತೆಗೆಯಿರಿ. ಎಲ್ಲ ಬದುಕಿದರೆ ಒಂದೇ ಕುಂಡದಲ್ಲಿ ಒತ್ತಾಗಿ ನೆಡಿ, ಅಂಗಡಿಯಲ್ಲಿ ಕಾಣುವ ತುಂಬು ಗಿಡದ ಗುಟ್ಟೂ ಅದೇ, ಅದು ಒಂದು ಗಿಡವಲ್ಲ.

ಹೈಡ್ರೋಜನ್ ಪೆರಾಕ್ಸೈಡ್ ಸುರಿದರೆ ಬೇರು ಚಿಗುರುತ್ತದೆ ಎಂದು ಯಾರಾದರೂ ಹೇಳಿಯಾರು. ಸತ್ತ ಬೇರನ್ನು ಯಾವುದೂ ಎಬ್ಬಿಸುವುದಿಲ್ಲ.

ಹೊಸ ಕುಂಡ 8ರಿಂದ 10 ಸೆಂಟಿಮೀಟರ್ ಅಗಲ ಸಾಕು, ತಳದಲ್ಲಿ ತೂತು ಇರಲೇಬೇಕು. ಸೆರಾಮಿಕ್ ಕುಂಡ ಬಿಸಾಡಬೇಡಿ, ಅದರೊಳಗೆ ಈ ಚಿಕ್ಕದನ್ನು ಇಳಿಸಿ. ನೀರು ಹಾಕುವಾಗ ಹೊರಗೆ ತೆಗೆದು, ಪೂರ್ತಿ ಬಸಿದ ಮೇಲೆ ಮರಳಿ ಇಡಿ. ಮಣ್ಣಿಗೆ ಕೊಕೊಪೀಟ್ ಎರಡು ಪಾಲು, ಪರ್ಲೈಟ್ ಅಥವಾ ತೊಳೆದ ದಪ್ಪ ಮರಳು ಒಂದು ಪಾಲು, ಹಳೆಯ ಎರೆಗೊಬ್ಬರ ಅರ್ಧ ಪಾಲು. ಬರೀ ಕೊಕೊಪೀಟ್ ಆದರೆ ಮೇಲೆ ಒಣಗಿದಂತೆ ಕಂಡು ಒಳಗೆ ಒದ್ದೆ ಹಿಡಿದಿರುತ್ತದೆ, ಅಲ್ಲೂ ಕಣ್ಣು ಮೋಸಹೋಗುತ್ತದೆ. ಮೇಲಿನ ಒಂದು ಸೆಂಟಿಮೀಟರ್ ಆರಿ, ಕುಂಡ ಹಗುರವಾದಾಗ ನೀರು ಕೊಡಿ. ಕೊಟ್ಟರೆ ತಳದಿಂದ ಹರಿಯುವಷ್ಟು ಕೊಡಿ. ಅದು ಎಷ್ಟು ದಿನಕ್ಕೊಮ್ಮೆ ಎಂದು ನನ್ನನ್ನು ಕೇಳಬೇಡಿ. ಬೆಳಕು, ಬಿಸಿ, ಕುಂಡದ ಅಳತೆ ಬದಲಾದಂತೆ ಅದೂ ಬದಲಾಗುತ್ತದೆ.

ಇದಕ್ಕೆ ವಿರುದ್ಧದ ಸಲಹೆಯೂ ಒಂದಿದೆ: ಬಾಡುವವರೆಗೂ ಕಾಯಿರಿ, ಬಿದ್ದಾಗ ನೀರು ಕೊಡಿ, ಗಿಡವೇ ಗಂಟೆ ಬಾರಿಸುತ್ತದೆ ಎಂದು. ಕೆಲಸದ ಮೊದಲ ವರ್ಷಗಳಲ್ಲಿ ಒಂದು ಟ್ರೇ ಗಿಡಗಳನ್ನು ಹೀಗೇ ಬೆಳೆಸಿ ನೋಡಿದ್ದೆ. ಪ್ರತಿ ಸಲವೂ ಎದ್ದವು ನಿಜ, ಆದರೆ ಪ್ರತಿ ಸಲವೂ ಅಂಚು ಕಂದಾದ ಎಲೆಗಳು ಒಂದೆರಡು ಹೆಚ್ಚಾದವು, ಕೊನೆಗೆ ಬೋಳು ಕಾಂಡದ ತುದಿಯಲ್ಲಿ ನಾಲ್ಕೆಲೆ ಉಳಿದವು. ಪೂರ್ತಿ ಒಣಗಿದಾಗಲೆಲ್ಲ ನೀರೆಳೆಯುವ ಎಳೆಬೇರುಗಳು ಸಾಯುತ್ತವೆ. ಅಪರೂಪಕ್ಕೆ ಬಿದ್ದರೆ ಚಿಂತೆಯಿಲ್ಲ, ಅದನ್ನೇ ಪದ್ಧತಿ ಮಾಡಿಕೊಳ್ಳಬಾರದು.

ಎಸಿ ಬಗ್ಗೆ ನಿಮ್ಮ ಅನುಮಾನ ಅರ್ಧ ಸರಿ. 18ರಿಂದ 27 ಡಿಗ್ರಿ ಸೆಲ್ಸಿಯಸ್ ಫಿಟೋನಿಯಾಕ್ಕೆ ಹಿತ, ಆದ್ದರಿಂದ ತಂಪಿನಿಂದ ತೊಂದರೆಯಿಲ್ಲ. ಎಸಿ ಗಾಳಿಯ ಒಣಗುಣ, ಅದರಲ್ಲೂ ಎಲೆಗೆ ನೇರ ಬೀಸುವುದು, ಕೆಟ್ಟದ್ದು. ಗಾಳಿಯಲ್ಲಿ ತೇವಾಂಶ ಶೇ 50ಕ್ಕಿಂತ ಮೇಲಿದ್ದರೆ ಗಿಡ ಸುಧಾರಿಸಿಕೊಳ್ಳುತ್ತದೆ, 60 ದಾಟಿದರೆ ಖುಷಿಯಾಗಿರುತ್ತದೆ. ಸ್ಪ್ರೇ ಮಾಡಿದರೆ ತೇವಾಂಶ ಏರುವುದು ಕೆಲವೇ ನಿಮಿಷ, ಹನಿ ಆರಿದೊಡನೆ ಮೊದಲಿನಂತೆ. ಎಲೆ ಮಾತ್ರ ಸದಾ ಒದ್ದೆಯಿದ್ದು ಚುಕ್ಕೆರೋಗಕ್ಕೆ ದಾರಿಯಾಗುತ್ತದೆ. ನಿಮ್ಮ ನಾಲ್ಕು ಸಲದ ಸ್ಪ್ರೇ ನಿಲ್ಲಿಸಿಬಿಡಿ. ನೀರಿನ ತಟ್ಟೆಯಲ್ಲಿ ಕಲ್ಲು ಹಾಕಿ ಮೇಲೆ ಕುಂಡ ಇಡುವುದರಿಂದಲೂ ಆಗುವ ಲಾಭ ಅಲ್ಪ. ನಿಜಕ್ಕೂ ಕೆಲಸ ಮಾಡುವುದು ಮುಚ್ಚಿದ ಗಾಜು.

ಇದು ಕಂಡುಬಂದದ್ದೂ ಆಕಸ್ಮಿಕವಾಗಿ. 1829ರ ಸುಮಾರಿಗೆ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಂದಿಗೆ ಗಾಜಿನ ಬಾಟಲಿಯಲ್ಲಿ ಮುಚ್ಚಿಟ್ಟಿದ್ದ. ನೋಡಿದರೆ ಆ ಮಣ್ಣಿನಲ್ಲಿ ಜರೀಗಿಡವೂ ಹುಲ್ಲೂ ಮೊಳೆತಿದ್ದವು. ಹೊಗೆ ಕವಿದ ಆ ನಗರದ ತೋಟದಲ್ಲಿ ಅವನ ಜರೀಗಿಡಗಳು ಬದುಕುತ್ತಲೇ ಇರಲಿಲ್ಲ. ಎಲೆಯಿಂದ ಆವಿಯಾದ ನೀರು ಗಾಜಿಗೆ ತಾಗಿ ಹನಿಯಾಗಿ ಮತ್ತೆ ಮಣ್ಣಿಗೇ ಬೀಳುತ್ತಿತ್ತು. ಮುಂದೆ ಅವನ ಹೆಸರಿನ ಗಾಜಿನ ಪೆಟ್ಟಿಗೆಗಳಲ್ಲಿ ಗಿಡಗಳು ಕಡಲು ದಾಟಿದವು. ಫಿಟೋನಿಯಾ ಇಂಥ ಗಾಜಿನೊಳಗೇ ಹುಟ್ಟಿದಂತಿದೆ. ನಿಮ್ಮ ಕಡ್ಡಿಗಳಲ್ಲಿ ಎರಡನ್ನು ಅಗಲ ಬಾಯಿಯ ಗಾಜಿನ ಭರಣಿಯಲ್ಲಿ ನೆಟ್ಟು ನೋಡಿ. ಎರಡು ಎಚ್ಚರಿಕೆ: ನೇರ ಬಿಸಿಲು ಬಿದ್ದರೆ ಭರಣಿಯೊಳಗೆ ಗಿಡ ಬೆಂದೇಹೋಗುತ್ತದೆ, ಮತ್ತು ಭರಣಿಗೂ ತಳದಲ್ಲಿ ತೂತಿಲ್ಲ, ಹಾಕಿದ ನೀರನ್ನು ತೆಗೆಯಲಾಗುವುದಿಲ್ಲ. ಗಾಜು ಇಡೀ ದಿನ ಮಂಜು ಕವಿದಿದ್ದರೆ ಮುಚ್ಚಳ ತೆಗೆದಿಡಿ.

ಬಣ್ಣ ಮಾಸಿದ್ದು ಬೆಳಕಿನ ಕೊರತೆಯಿಂದಲೇ. ಬೆಳಕು ಸಾಲದಾದಾಗ ಹೊಸ ಎಲೆಯಲ್ಲಿ ಕೆಂಪು ಕುಗ್ಗಿ ಹಸಿರು ಹೆಚ್ಚುತ್ತದೆ, ಗೆಣ್ಣುಗಳ ನಡುವಿನ ಅಂತರವೂ ಉದ್ದವಾಗುತ್ತದೆ. ನೀವು ಕಾರಣ ಸರಿಯಾಗಿಯೇ ಹಿಡಿದಿರಿ, ಮದ್ದು ಮಾತ್ರ ಹೆಚ್ಚಾಯಿತು. ಕಾಡಿನ ನೆರಳಲ್ಲಿ ಬೆಳೆದ ತೆಳು ಎಲೆಗೆ ನೇರ ಬಿಸಿಲು ತಡೆಯದು. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ, ಕಿತ್ತುಬಿಡಿ. ಗಿಡವಿಡುವ ಜಾಗದಲ್ಲಿ ಬಿಳಿ ಕಾಗದ ಹಾಸಿ ಒಂದಡಿ ಮೇಲೆ ಕೈ ಹಿಡಿಯಿರಿ. ಅಂಚು ಮಸುಕಾದ ನೆರಳು ಬಿದ್ದರೆ ಜಾಗ ಸರಿ. ಚೂಪಾದ ನೆರಳು ಬಿದ್ದರೆ ಬಿಸಿಲು ಹೆಚ್ಚು, ನೆರಳೇ ಕಾಣದಿದ್ದರೆ ಕತ್ತಲೆ. ಕಿಟಕಿಯಿಲ್ಲದ ಮೇಜಾದರೆ ಗಿಡದ ಮೇಲೆ ಒಂದಡಿ ಎತ್ತರದಲ್ಲಿ ಬಿಳಿ ಎಲ್‌ಇಡಿ ದೀಪವನ್ನು ದಿನಕ್ಕೆ ಹತ್ತು ಹನ್ನೆರಡು ಗಂಟೆ ಉರಿಸಿ. ಬಣ್ಣ ಬರಲಿ ಎಂದು ಗೊಬ್ಬರ ಹಾಕಬೇಡಿ, ಸಾರಜನಕ ಹೆಚ್ಚಾದರೆ ಎಲೆ ಇನ್ನಷ್ಟು ಹಸಿರಾಗುತ್ತದೆ. ಬೇರು ಕೊಳೆತ ಗಿಡಕ್ಕಂತೂ ಗೊಬ್ಬರ ವಿಷ. ಹೊಸ ಗಿಡ ನಾಲ್ಕಾರು ಹೊಸ ಎಲೆ ಬಿಟ್ಟ ಮೇಲೆ ತಿಂಗಳಿಗೊಮ್ಮೆ ದ್ರವಗೊಬ್ಬರವನ್ನು ಪೊಟ್ಟಣದಲ್ಲಿ ಹೇಳಿದ ಅರ್ಧ ಪ್ರಮಾಣದಲ್ಲಿ ಕೊಡಿ, ಬೆಳೆಯುವ ಕಾಲದಲ್ಲಿ ಮಾತ್ರ. ಕುಡಿಗಳನ್ನು ಆಗಾಗ ಚಿವುಟಿದರೆ ಗಿಡ ಪೊದೆಯಾಗುತ್ತದೆ. ಹೂವು ಬಂದರೆ ಅದನ್ನೂ ಚಿವುಟಿ, ಮಾಸಲು ಬಣ್ಣದ ಆ ಸಣ್ಣ ತೆನೆಯಲ್ಲಿ ನೋಡುವಂಥದ್ದೇನೂ ಇಲ್ಲ. ಇದು ನನ್ನ ಅಭಿಪ್ರಾಯ, ಹೂ ಬಿಟ್ಟರೆ ಗಿಡ ಸಾಯುವುದಿಲ್ಲ.

ಮಲಗುವ ಕೋಣೆಯಲ್ಲಿ ಧಾರಾಳವಾಗಿ ಇಡಿ. ಗಿಡ ರಾತ್ರಿ ಇಂಗಾಲದ ಡೈಆಕ್ಸೈಡ್ ಬಿಡುವುದು ನಿಜ, ಆದರೆ ಪಕ್ಕದಲ್ಲಿ ಮಲಗಿದ ಮನುಷ್ಯನೂ ಅದನ್ನೇ ಬಿಡುತ್ತಾನೆ, ಅದೂ ಎಷ್ಟೋ ಪಟ್ಟು ಹೆಚ್ಚು. ಬೆಕ್ಕಿನ ವಿಷಯದಲ್ಲೂ ನಿಶ್ಚಿಂತೆಯಿಂದಿರಿ. ಪ್ರಾಣಿಗಳ ವಿಷಬಾಧೆಯ ಬಗ್ಗೆ ಪಟ್ಟಿ ಇಟ್ಟಿರುವ ಅಮೆರಿಕದ ಎಎಸ್‌ಪಿಸಿಎ ಸಂಸ್ಥೆ ಫಿಟೋನಿಯಾವನ್ನು ಬೆಕ್ಕು ನಾಯಿಗಳಿಗೆ ವಿಷವಲ್ಲದ ಗಿಡಗಳ ಜೊತೆ ಸೇರಿಸಿದೆ. ಹೀಗೆಯೇ ಬಣ್ಣದೆಲೆಯ ಕೆಲಾಡಿಯಂ, ಅಗ್ಲೋನಿಮಾಗಳಿಗೆ ಈ ಮಾತು ಹೇಳಲಾರೆ. ಅವುಗಳ ಎಲೆಯಲ್ಲಿ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳಿವೆ, ಅಗಿದರೆ ಬಾಯಿ ಉರಿದು ಊದಿಕೊಳ್ಳುತ್ತದೆ.

ಕೊನೆಯದಾಗಿ, ಇದೆಲ್ಲ ಶುರುವಾದ ಆ ವಾರದ ರಜೆ. ಹೊಸ ಗಿಡ ಮತ್ತೆ ಮೇಜಿಗೆ ಬಂದ ಮೇಲೆ, ರಜೆಗೆ ಮುಂಚಿನ ಸಂಜೆ ಕುಂಡ ಎತ್ತಿ ನೋಡಿ. ಹಗುರವಿದ್ದರೆ ನೀರು ಕೊಟ್ಟು ಚೆನ್ನಾಗಿ ಬಸಿಯಲು ಬಿಡಿ, ಭಾರವಿದ್ದರೆ ಹಾಗೇ ಬಿಡಿ. ಆಮೇಲೆ ಒಂದು ಪಾರದರ್ಶಕ ಪ್ಲಾಸ್ಟಿಕ್ ಚೀಲವನ್ನು ಸಡಿಲವಾಗಿ ಮೇಲೆ ಹೊದಿಸಿ, ಬಿಸಿಲು ಬೀಳದ ಕಡೆ ಇಟ್ಟು ಹೊರಡಿ. ಸೋಮವಾರ ಬಂದೊಡನೆ ಚೀಲ ತೆಗೆಯಿರಿ. ಮಗ್ ಎತ್ತುವ ಮುನ್ನ ಮತ್ತೊಮ್ಮೆ ಕುಂಡ ಎತ್ತಿ ನೋಡಿ.